ಅರಳೀದೊಡ್ಡಿಯ ಮೂವತ್ತೊಂಬತ್ತು ಚೀಟಿಗಳು

ಹೇಳಿಕೆ ಕೊಟ್ಟವರು: ಗೋವಿಂದಮ್ಮ ಕೋಂ ಲೇಟ್ ಮಹದೇವಯ್ಯ, ವಯಸ್ಸು 53 ವರ್ಷ, ವೃತ್ತಿ ಹೊಲಿಗೆ ಕೆಲಸ, ವಾಸ ಅರಳೀದೊಡ್ಡಿ, ಬಂಡಳ್ಳಿ ಪಕ್ಕ, ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ.

ದಿನಾಂಕ 19-05-2025ರ ಸೋಮವಾರ ಬೆಳಿಗ್ಗೆ 10-40 ಗಂಟೆಗೆ ಠಾಣೆಗೆ ಹಾಜರಾಗಿ, ನಮ್ಮ ಊರಿನ ಯಜಮಾನರಾದ ಷಡಕ್ಷರಿ ರವರು ಕೊಟ್ಟಿರುವ ಅರ್ಜಿಯ ವಿಚಾರವಾಗಿ, ಕೇಳಿದ್ದನ್ನೂ ಕೇಳದೆ ಬಿಟ್ಟದ್ದನ್ನೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ಒಬ್ಬಳೇ ವಾಸವಿದ್ದು, ಮನೆಯ ಮುಂದಿನ ಕೋಣೆಯಲ್ಲೇ ಇಪ್ಪತ್ತೇಳು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿರುತ್ತೇನೆ. ಕೋಣೆ ಹತ್ತು ಅಡಿ ಉದ್ದ, ಎಂಟೂವರೆ ಅಡಿ ಅಗಲ. ಬಾಗಿಲಿನಿಂದ ಊರ ಚಾವಡಿಗೆ ಅರವತ್ತೆರಡು ಅಡಿ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಏಕೆ ಅಳೆದಿರಿ ಎಂದು ಎ.ಎಸ್.ಐ. ಶಾಂತಮೂರ್ತಿ ಸಾಹೇಬರು ಕೇಳಿದರು. ಟೇಪು ಕೈಯಲ್ಲಿತ್ತು, ಎಷ್ಟಿದೆಯೋ ನೋಡೋಣ ಎನ್ನಿಸಿತು, ಅಷ್ಟೇ. ಏನನ್ನಾದರೂ ತಿಳಿಯಬೇಕು ಎನ್ನಿಸಿದರೆ ತಿಳಿಯುವ ತನಕ ನನಗೆ ಅನ್ನ ಇಳಿಯುವುದಿಲ್ಲ. ಈ ಪ್ರಕರಣಕ್ಕೆಲ್ಲ ಆ ಗುಣವೇ ಮೂಲ ಎಂದು ಬರೆದುಕೊಂಡರೂ ನನ್ನ ತಕರಾರಿಲ್ಲ.

ನನ್ನ ಅಂಗಡಿಯಲ್ಲಿ ಒಂದು ರೂಢಿ ಇದೆ. ಯಾರ ಬಟ್ಟೆಯೋ ಅವರೇ ಒಂದು ಚೀಟಿಯಲ್ಲಿ ತಮ್ಮ ಹೆಸರು ಬರೆದು ಕೊಡಬೇಕು. ನಾನು ಅದನ್ನು ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ, ಅಳತೆಯ ಗೆರೆಗಳನ್ನು ಪಕ್ಕದಲ್ಲಿ ಹಾಕಿಕೊಳ್ಳುತ್ತೇನೆ. ಹತ್ತಕ್ಕೆ ಉದ್ದ ಗೆರೆ, ಒಂದಕ್ಕೆ ಗಿಡ್ಡ ಗೆರೆ. ಬಟ್ಟೆ ಹೋದ ಮೇಲೆ ಚೀಟಿಯನ್ನು ಕಿಟಕಿಯ ಕಂಬಿಗೆ ಸಿಗಿಸುತ್ತೇನೆ. ವಿಷಯಕ್ಕೆ ಬನ್ನಿ ಎಂದು ಸಾಹೇಬರು ಹೇಳಿದರು. ಇದೂ ವಿಷಯವೇ, ಮುಂದೆ ಬರುತ್ತದೆ.

ನಮ್ಮ ಊರಿನಿಂದ ಪಂಚಾಯಿತಿಗೆ ಹೋಗಿದ್ದ ಮಹಿಳಾ ಮೆಂಬರು ಕಾಯಿಲೆಯಿಂದ ರಾಜೀನಾಮೆ ಕೊಟ್ಟಿದ್ದರಿಂದ ಆ ಒಂದು ಸ್ಥಾನಕ್ಕೆ ಉಪಚುನಾವಣೆ ಬಂತು. ದಿನಾಂಕ 11ರ ಭಾನುವಾರ ಬೆಳಿಗ್ಗೆ 9-30ಕ್ಕೆ ಚಾವಡಿಯಲ್ಲಿ ಏಳು ಜನ ಯಜಮಾನರು ಕೂಡಿದರು. ನಮ್ಮಲ್ಲಿ ಹಿಂದಿನಿಂದಲೂ ನಡೆದು ಬಂದಿರುವುದು ಹೀಗೆ: ಯಜಮಾನರು ಒಂದು ಹೆಸರು ಹೇಳುತ್ತಾರೆ, ಆ ಮನೆಯವರು ವೀಳ್ಯ ಹಿಡಿಯುತ್ತಾರೆ, ಆ ಮೇಲೆ ಬೇರೆ ಯಾರೂ ನಾಮಪತ್ರ ಹಾಕುವುದಿಲ್ಲ. ನಾನು ಓಟು ಬಂದಾಗಿನಿಂದ ಪಂಚಾಯಿತಿಗೆ ಒಂದೇ ಒಂದು ಸಲವೂ ಓಟು ಹಾಕಿಲ್ಲ, ಹಾಕುವ ಪ್ರಸಂಗವೇ ಬಂದಿಲ್ಲ. ಆ ದಿನ ಬಂದ ಹೆಸರು ಷಡಕ್ಷರಿ ರವರ ಹೆಂಡತಿ ಶಿವನಂಜಮ್ಮನವರದು. ಸ್ಥಾನ ಹೆಂಗಸಿಗೆ, ವೀಳ್ಯ ಹಿಡಿದದ್ದು ಗಂಡ. ಶಿವನಂಜಮ್ಮನವರಿಗೆ ವಿಷಯ ತಿಳಿದದ್ದು ಮಧ್ಯಾಹ್ನ ಗಂಡನಿಗೆ ಊಟಕ್ಕೆ ಬಡಿಸುವಾಗ ಎಂದು ಊರಿನಲ್ಲಿ ಮಾತಿದೆ. ನಾನು ಕಣ್ಣಾರೆ ಕಂಡಿಲ್ಲ.

ಮಾರನೆಯ ದಿನ, 12ರ ಸೋಮವಾರ ಸಂಜೆ 5-15ಕ್ಕೆ ರೋಜಮ್ಮ ತನ್ನ ಲಂಗಕ್ಕೆ ಲಾಡಿ ಹಾಕಿಸಲು ಬಂದಳು. ಅವಳ ಸರಿಯಾದ ಹೆಸರು ರೋಸಲಿ. ಫಿಲಿಪ್ಪೀನ್ಸ್ ದೇಶದವಳು. ನಮ್ಮ ಊರಿನ ಮಲ್ಲಿಕಾರ್ಜುನಸ್ವಾಮಿ ಕುವೈತಿನಲ್ಲಿ ಡ್ರೈವರ್ ಆಗಿದ್ದಾಗ ಮದುವೆಯಾಗಿ ಕರೆದುಕೊಂಡು ಬಂದು ಆರು ವರ್ಷವಾಯಿತು. ಈಗ ನಮಗಿಂತ ಚೆನ್ನಾಗಿ ನಮ್ಮ ಮಾತು ಆಡುತ್ತಾಳೆ, ಆದರೆ ನಮ್ಮ ಅಕ್ಷರ ಅವಳಿಗೆ ಬಾರದು. ಅವಳು ಆ ದಿನ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ಏನು ಎಂದು ಕೇಳಿದೆ. ಅವಳ ಊರಿನಲ್ಲಿ ಅಂದೇ ಚುನಾವಣೆ, ಎಣಿಕೆ ಶುರುವಾಗಿದೆ ಎಂದಳು. ಅಂಗಡಿಯಲ್ಲಿ ಇನ್ನೂ ಕೆಲವರು ಹೆಂಗಸರಿದ್ದರು. ಎಲ್ಲರೂ ಅವಳ ಮೊಬೈಲಿನ ಮೇಲೆ ಬಾಗಿದೆವು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಅವಳದು ಒಂದು ದ್ವೀಪ, ಅದೇ ಒಂದು ಪ್ರಾಂತ. ಅದರ ಹೆಸರು ನನ್ನ ನಾಲಿಗೆಗೆ ತಿರುಗಲಿಲ್ಲ. ಅಲ್ಲಿ ಗವರ್ನರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ವೈಸ್ ಗವರ್ನರಿಗೆ ಬೇರೆ ಓಟು. ಅದರ ಕೆಳಗೆ ಊರಿಗೊಬ್ಬ ಮೇಯರು, ವೈಸ್ ಮೇಯರು, ಎಂಟು ಜನ ಮೆಂಬರು. ಮೇಯರು ಒಂದು ಪಕ್ಷ, ವೈಸ್ ಮೇಯರು ಇನ್ನೊಂದು ಪಕ್ಷ ಆಗುವುದೂ ಉಂಟು. ಅದಕ್ಕೆ ಸೌಮ್ಯ, “ಅಂಗಾರೆ ಒಂದೇ ಆಫೀಸ್ನಲ್ಲಿ ದಿನಾ ಜಗಳ ಅನ್ನು” ಎಂದಳು. ಸೌಮ್ಯ ನಮ್ಮ ಊರಿನವಳೇ, ಬಿ.ಎ. ಓದಿ ಮನೆಯಲ್ಲಿದ್ದಾಳೆ. ಮೂರು ಸಲ ಗೆದ್ದವರು ಅದೇ ಜಾಗಕ್ಕೆ ಕೂಡಲೇ ನಾಲ್ಕನೆಯ ಸಲ ನಿಲ್ಲುವಂತಿಲ್ಲವಂತೆ. ಹಾಗಾದರೆ ಏನು ಮಾಡುತ್ತಾರೆ ಎಂದು ನಾನು ಕೇಳಿದೆ. “ಎಂಡ್ತೀನ ನಿಲ್ಲಿಸ್ತಾರೆ ಕಣಕ್ಕ, ಇಲ್ಲಾಂದ್ರೆ ಮಗನ್ನ” ಎಂದಳು ರೋಜಮ್ಮ. ಎಲ್ಲರೂ ನಕ್ಕೆವು. ಸಮುದ್ರ ದಾಟಿದರೂ ಗಂಡಸರು ಒಂದೇ ಅಳತೆಯವರು ಎಂದು ನಾನು ಹೇಳಿದ್ದು ನಿಜ. ಅರ್ಜಿಯಲ್ಲಿ ಬರೆದಿರುವ ಅವಹೇಳನದ ಮಾತು ಇದೇ ಆಗಿದ್ದರೆ ಒಪ್ಪಿಕೊಳ್ಳುತ್ತೇನೆ.

ಗವರ್ನರು, ಮೇಯರು ಇದಕ್ಕೆಲ್ಲ ಮೆಷಿನ್ ಎಣಿಕೆ. ಆದರೆ ಎಲ್ಲಕ್ಕಿಂತ ಕೆಳಗಿನದು ಬರಂಗಾಯ್, ಅಂದರೆ ನಮ್ಮ ಪಂಚಾಯಿತಿಯಂಥದ್ದು. ಅದಕ್ಕೆ ಬೇರೆ ದಿನ ಚುನಾವಣೆ. ಅದರಲ್ಲಿ ಗುರುತೂ ಇಲ್ಲ, ಮೆಷಿನ್ನೂ ಇಲ್ಲ, ಖಾಲಿ ಗೆರೆ ಹಾಕಿದ ಕಾಗದ ಕೊಡುತ್ತಾರೆ. ಓಟು ಹಾಕುವವರು ತಮಗೆ ಬೇಕಾದವರ ಹೆಸರನ್ನು ಕೈಯಾರೆ ಬರೆಯಬೇಕು. ಆಮೇಲೆ ಎಲ್ಲರ ಮುಂದೆ ಒಂದೊಂದೇ ಕಾಗದ ಓದಿ ಗೋಡೆಗೆ ಗೆರೆ ಎಳೆಯುತ್ತಾರೆ, ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಅವಳ ತಾಯಿ ಹೋದ ಸಲ ಏಳನೆಯ ಮೆಂಬರ್ ಜಾಗಕ್ಕೆ ಇನ್ನೊಬ್ಬನ ಜೊತೆ ಸಮ ಬಂದು, ಕೊನೆಗೆ ನಾಣ್ಯ ಚಿಮ್ಮಿ ಗೆದ್ದಳಂತೆ. ಓದು ಬಾರದವರು ಏನು ಮಾಡುತ್ತಾರೆ ಎಂದು ನಾನು ಮೂರು ಸಲ ಕೇಳಿದೆ. ಮನೆಯವರನ್ನು ಕೂರಿಸಿಕೊಂಡು ಬರೆಸಬಹುದು ಎಂದಳು. ತಪ್ಪು ತಪ್ಪಾಗಿ ಬರೆದರೆ ಎಂದೆ. “ಯಾರಿಗೆ ಅಂತ ಗೊತ್ತಾದ್ರೆ ಸಾಕಕ್ಕ, ಅದು ಓಟೇಯ” ಎಂದಳು. ಆ ಮಾತು ನನಗೆ ಬಹಳ ಹಿಡಿಸಿತು.

ನಾವೂ ಒಂದು ಸಲ ಬರೆದು ನೋಡೋಣ ಎಂದು ಮೊದಲು ಹೇಳಿದವಳು ನಾನು. ವಿದೇಶಿ ಹೆಂಗಸು ಪ್ರಚೋದನೆ ಕೊಟ್ಟಳು ಎಂದು ಅರ್ಜಿಯಲ್ಲಿರುವುದು ಸುಳ್ಳು. ಅವಳು ಬೇಡ ಎಂದೇ ಹೇಳಿದಳು. ಅವಳ ಊರಿನಲ್ಲಿ ನಿಂತವರ ಪಟ್ಟಿಯನ್ನು ಒಳಗೆ ಅಂಟಿಸಿರುತ್ತಾರೆ, ಅದನ್ನು ನೋಡಿ ಬರೆಯಬೇಕು ಎಂದೂ ಹೇಳಿದಳಂತೆ. ಆ ಮಾತು ನಮ್ಮ ಯಾರ ಕಿವಿಗೂ ಬೀಳಲಿಲ್ಲ. ಮನಸ್ಸಿಗೆ ಬಂದ ಯಾರ ಹೆಸರನ್ನಾದರೂ ಬರೆಯಬಹುದು ಎಂದೇ ನಾವು ತಿಳಿದೆವು.

13ರ ಮಂಗಳವಾರ ಮಧ್ಯಾಹ್ನ 2 ಗಂಟೆಯಿಂದ 4-30ರವರೆಗೆ ನನ್ನ ಅಂಗಡಿಯಲ್ಲಿ ಇದು ನಡೆಯಿತು. ಗಂಡಸರು ಆ ಹೊತ್ತಿನಲ್ಲಿ ಮಲಗಿರುತ್ತಾರೆ. ಅಳತೆ ಕೊಡುವ ಪರದೆಯ ಹಿಂದೆ ಒಂದು ಸ್ಟೂಲು, ಒಂದು ಪೆನ್ನು, ಕತ್ತರಿಸಿದ ಚೀಟಿಗಳು, ಖಾಲಿ ಮಾಡಿದ ಗುಂಡಿಯ ಡಬ್ಬ ಇಟ್ಟೆ. ಊರಿನಲ್ಲಿ ಮುಂದೆ ಯಾರು ಮೆಂಬರಾದರೆ ಚೆನ್ನ, ಅಷ್ಟು ಬರೆಯುವುದು. ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಒಳಗಿದ್ದವರ ಪೆನ್ನಿನ ಸದ್ದು ಹೊರಗೆ ಕೇಳಬಾರದೆಂದು ನಾನು ದಾರವಿಲ್ಲದ ಮೆಷಿನ್ ತುಳಿಯುತ್ತಿದ್ದೆ. ಯಾರು ಯಾರು ಬಂದರು ಎಂದು ಸಾಹೇಬರು ಕೇಳಿದರು. ನೆನಪಿಲ್ಲ. ಶಿವನಂಜಮ್ಮನವರು ಬಂದಿದ್ದರೇ ಎಂದು ಕೇಳಿದರು. ರವಿಕೆಗೆ ಕೊಕ್ಕೆ ಹಾಕಿಸಲು ಆ ವಾರ ಬಂದಿದ್ದರು, ಯಾವ ದಿನ ಎಂಬುದು ನೆನಪಿಲ್ಲ. ಅರವತ್ತೆರಡು ಅಡಿ ನೆನಪಿದೆ, ಇದು ನೆನಪಿಲ್ಲವೇ ಎಂದು ಸಾಹೇಬರು ಅಂದರು. ಅಳತೆ ನೆನಪಿರುತ್ತದೆ ಸಾ, ಮುಖ ಮರೆತು ಹೋಗುತ್ತದೆ.

4-40ಕ್ಕೆ ಡಬ್ಬ ತೆಗೆದೆವು. ಮೂವತ್ತೊಂಬತ್ತು ಚೀಟಿಗಳಿದ್ದವು. ಸೌಮ್ಯ ಓದಿದಳು, ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಗೆ ಗೆರೆ ಎಳೆದೆ. ಮೊದಲ ಚೀಟಿ ಪುಟ್ಟಮಾದಮ್ಮನ ಹೆಸರಿನದು ಬಂತು. ಎರಡನೆಯದೂ ಅವಳದೇ. ಆಮೇಲೆ ಒಂದು ಶಿವನಂಜಮ್ಮ, ಮತ್ತೆ ಪುಟ್ಟಮಾದಮ್ಮ. ಪುಟ್ಟಮಾದಮ್ಮ ಐವತ್ತು ವರ್ಷದ ಕೂಲಿಯ ಹೆಂಗಸು. ಹೋದ ಬೇಸಿಗೆಯಲ್ಲಿ ನೀರಿನ ವಾಲ್ವು ಕೆಟ್ಟಾಗ ನಾಲ್ಕು ದಿನ ಕೂಲಿ ಬಿಟ್ಟು ಪಂಚಾಯಿತಿ ಕಚೇರಿಯ ಬಾಗಿಲಲ್ಲಿ ಖಾಲಿ ಬಿಂದಿಗೆ ಇಟ್ಟುಕೊಂಡು ನಿಂತು, ಒಂದು ಮಾತೂ ಆಡದೆ, ಸರಿಮಾಡಿಸಿಕೊಂಡು ಬಂದವಳು. ಅದನ್ನು ಊರಿನಲ್ಲಿ ಯಾರೂ ದೊಡ್ಡದು ಮಾಡಿ ಆಡಿರಲಿಲ್ಲ. ಆದರೆ ಯಾರೂ ಮರೆತಿಲ್ಲ ಎಂದು ನನಗೆ ಆ ಗೋಡೆ ನೋಡಿ ತಿಳಿಯಿತು.

ಒಂದು ಚೀಟಿಯಲ್ಲಿ ಅಕ್ಷರವೇ ಇರಲಿಲ್ಲ, ಬರೀ ಗೆರೆಗಳಿದ್ದವು. ಎದೆ ಮೂವತ್ತನಾಲ್ಕು, ಭುಜ ಹದಿನಾಲ್ಕು, ಬಲಭುಜ ಒಂದು ಅಂಗುಲ ಇಳಿಕೆ. ಸೌಮ್ಯ ಇದೇನು ಎಂದಳು. ಹೊರೆ ಹೊತ್ತು ಹೊತ್ತು ಬಲಭುಜ ಒಂದು ಅಂಗುಲ ಇಳಿದಿರುವವಳು ನಮ್ಮ ಊರಿನಲ್ಲಿ ಪುಟ್ಟಮಾದಮ್ಮ ಒಬ್ಬಳೇ ಎಂದು ನಾನು ಹೇಳಿದೆ. ಯಾರಿಗೆ ಎಂದು ಗೊತ್ತಾದರೆ ಓಟು ಎಂದು ರೋಜಮ್ಮ ತೀರ್ಪು ಕೊಟ್ಟಳು. ಕೊನೆಗೆ ಪುಟ್ಟಮಾದಮ್ಮ ಇಪ್ಪತ್ತೆಂಟು, ಶಿವನಂಜಮ್ಮ ಏಳು, ಸೌಮ್ಯ ಎರಡು, ರೋಜಮ್ಮ ಒಂದು. ಉಳಿದ ಒಂದು ಚೀಟಿಯಲ್ಲಿ ನನ್ನ ಹೆಸರಿತ್ತು. ನನ್ನ ಹೆಸರನ್ನು ಯಾರೋ ಪರದೆಯ ಹಿಂದೆ ಕೂತು ನೆನೆದುಕೊಂಡರಲ್ಲ ಎಂದು ಆ ರಾತ್ರಿ ನನಗೆ ಬಹಳ ಸಂತೋಷವಾಯಿತು.

ಪುಟ್ಟಮಾದಮ್ಮ ಸಂಜೆ 6-10ಕ್ಕೆ ಕೂಲಿ ಮುಗಿಸಿಕೊಂಡು ಬಂದು ಗೋಡೆಯ ಮುಂದೆ ನಿಂತಳು. ವಿಷಯ ತಿಳಿಸಿದೆವು. ಅವಳು, “ಇಷ್ಟೂ ಗೆರೆ ನಂಗೆಯಾ ಅಕ್ಕಾ? ತಮಾಸೆ ಮಾಡ್ಬ್ಯಾಡಿ ಕಣ್ರವ್ವ” ಎಂದಳು. ತಮಾಷೆ ಅಲ್ಲ ಎಂದೆ. ಅವಳು ಬೆರಳಿಟ್ಟು ಗೆರೆಗಳನ್ನು ಎರಡು ಸಲ ಎಣಿಸಿದಳು. ಎರಡನೆಯ ಸಲ ಎಣಿಸುವಾಗ ಅವಳ ಕಣ್ಣಲ್ಲಿ ನೀರು ಬಂತು.

ನಾನು ಚೀಟಿಗಳನ್ನೆಲ್ಲ ಲೈನಿಂಗ್ ಬಟ್ಟೆಯ ಒಂದು ಚೀಲಕ್ಕೆ ತುಂಬಿ, ಬಾಯಿಗೆ ಎರಡು ಸಾಲು ಹೊಲಿಗೆ ಹಾಕಿದೆ. ತನ್ನ ದೇಶದಲ್ಲಿ ಓಟಿನ ಡಬ್ಬಕ್ಕೆ ಬೀಗ ಹಾಕುತ್ತಾರೆಂದು ರೋಜಮ್ಮ ಹೇಳಿದ್ದಳು. ನನ್ನ ಬಳಿ ಬೀಗ ಇರಲಿಲ್ಲ.

14ರ ಬುಧವಾರ ಬೆಳಿಗ್ಗೆ 11 ಗಂಟೆಗೆ ಷಡಕ್ಷರಿ ರವರು ಅಂಗಡಿಗೆ ಬಂದರು. ಅವರು ಕೈ ಎತ್ತುವವರಲ್ಲ, ಕೂಗಾಡುವವರೂ ಅಲ್ಲ. ಏನಿದ್ದರೂ ಅರ್ಜಿ, ಕಾನೂನು. “ಇದ್ಯಾವ ಲೆಕ್ಕ ಗೋವಿಂದಮ್ಮ ಗೋಡೆ ಮ್ಯಾಲೆ? ನಮ್ಮನೇವ್ಳಿಗೆ ಎಷ್ಟು?” ಎಂದು ಕೇಳಿದರು. ಏಳು ಎಂದೆ. ಚೀಟಿಗಳೆಲ್ಲಿ ಎಂದರು, ಮೆಷಿನ್ ಪಕ್ಕದಲ್ಲಿದ್ದ ಚೀಲ ತೋರಿಸಿದೆ. “ನಮ್ಮೂರ ವೀಳ್ಯಕ್ಕೆ ಬೆಲೆ ಇಲ್ದಂಗ್ ಮಾಡ್ದೋರು ಯಾರ್ಯಾರು ಅಂತ ನಾ ತಿಳ್ಕಬೇಕು. ಕೈಬರಹ ಸುಳ್ಳೇಳಕಿಲ್ಲ. ನೀನೂ ಬಿಚ್ಬ್ಯಾಡ, ನಾನೂ ಬಿಚ್ಚಕಿಲ್ಲ, ಪೊಲೀಸ್ನೋರ ಮುಂದೇನೆ ಬಿಚ್ಚಾಮ” ಎಂದು ಚೀಲ ತೆಗೆದುಕೊಂಡರು. ಯಾವ ಮನೆಯ ಕೈ ಎಂದು ಗೊತ್ತಾಗುತ್ತದೋ ಆ ಮನೆಯ ಗಂಡಸನ್ನು ಚಾವಡಿಗೆ ಕರೆಸಿ ಕೇಳುತ್ತೇನೆ ಎಂದೂ ಹೇಳಿದರು.

ಅಲ್ಲಿಯವರೆಗೆ ನನಗೆ ಇದೆಲ್ಲ ಒಂದು ಆಟವಾಗಿತ್ತು. ಕೈಯಾರೆ ಬರೆದರೆ ಯಾರ ಕೈ ಎಂದು ತಿಳಿಯುತ್ತದೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗಂಡ ಚಾವಡಿಯಲ್ಲಿ ತಲೆ ತಗ್ಗಿಸಿ ಬಂದ ದಿನ ಮನೆಯಲ್ಲಿ ಏನು ನಡೆಯುತ್ತದೆ ಎಂದು ನಾನು ನೋಡಿಲ್ಲ. ಆದರೆ ಮರುದಿನ ರವಿಕೆಯ ತೋಳು ಮೊಣಕೈವರೆಗೆ ಉದ್ದ ಮಾಡಿಕೊಡು ಎಂದು ಬರುವವರು ನನ್ನ ಬಳಿಗೇ. ಸೆಕೆಗಾಲದಲ್ಲಿ ಉದ್ದ ತೋಳು ಏಕೆ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಲೋಕದಲ್ಲಿ ನಾನು ಕೇಳದಿರುವ ಪ್ರಶ್ನೆ ಅದೊಂದೇ.

15ರ ಗುರುವಾರ ಬೆಳಿಗ್ಗೆ 5-50ಕ್ಕೆ ಕಿಟಕಿಯ ಕಂಬಿಯಲ್ಲಿದ್ದ ಗಿರಾಕಿಗಳ ಹಳೆಯ ಚೀಟಿಗಳನ್ನೆಲ್ಲ ಸ್ನಾನದ ಒಲೆಗೆ ಹಾಕಿದೆ. ಬರಹ ತಾಳೆ ನೋಡಲು ಅವು ಬೇಕು ಎಂದು ಷಡಕ್ಷರಿ ರವರು ಮುಂದೆ ಅರ್ಜಿಯಲ್ಲಿ ಕೇಳುತ್ತಾರೆಂದು ನನಗೆ ಆಗ ತಿಳಿದಿರಲಿಲ್ಲ. ಸೌದೆ ಹಸಿಯಾಗಿತ್ತು.

16ರ ಶುಕ್ರವಾರ ನಾಮಪತ್ರಕ್ಕೆ ಕೊನೆಯ ದಿನ. ಮಧ್ಯಾಹ್ನ 2-20ಕ್ಕೆ ಪುಟ್ಟಮಾದಮ್ಮ ಪಂಚಾಯಿತಿ ಕಚೇರಿಗೆ ಹೋಗಿ ನಾಮಪತ್ರ ಹಾಕಿದಳು. ಸೂಚಕಿ ನಾನೇ. ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಅದೇ ಬಾಗಿಲಲ್ಲಿ ಈ ಸಲ ಅವಳಿಗೆ ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ. 17ರ ಶನಿವಾರ ಷಡಕ್ಷರಿ ರವರು ಠಾಣೆಗೆ ಅರ್ಜಿ ಕೊಟ್ಟರು.

ಈ ದಿನ ಬೆಳಿಗ್ಗೆ 11-25ಕ್ಕೆ, ನಾನು ಇಷ್ಟು ಹೇಳಿ ಮುಗಿಸಿದ ಮೇಲೆ, ಷಡಕ್ಷರಿ ರವರ ಎದುರಿನಲ್ಲಿ ಚೀಲವನ್ನು ಸಾಹೇಬರ ಮೇಜಿನ ಮೇಲೆ ಇಡಲಾಯಿತು. ಹೊಲಿಗೆ ನಾನು ಹಾಕಿದಂತೆಯೇ ಇತ್ತು. ಅವರು ಕೊಟ್ಟ ಮಾತಿನಂತೆ ಬಿಚ್ಚಿರಲಿಲ್ಲ, ಅದನ್ನು ನಾನು ಒಪ್ಪಬೇಕು. ನನ್ನ ಕೈಯಿಂದಲೇ ಹೊಲಿಗೆ ಬಿಚ್ಚಿಸಿದರು. ಪೇದೆ ರೂಪ ಅವರು ಚೀಟಿಗಳನ್ನು ಸಾಲಾಗಿ ಹರಡಿದರು. ಷಡಕ್ಷರಿ ರವರು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಎತ್ತಿ ನೋಡಿದರು. ಹನ್ನೊಂದನೆಯ ಚೀಟಿಯನ್ನು ಹೆಚ್ಚು ಹೊತ್ತು ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ಮನೆಯವರು ಬರೆದುಕೊಟ್ಟಿದ್ದ ಸಾಮಾನಿನ ಪಟ್ಟಿಯನ್ನು ಹೊರಗೆ ತೆಗೆದು, ಎರಡನ್ನೂ ಅಕ್ಕಪಕ್ಕ ಹಿಡಿದು, ಪಟ್ಟಿಯನ್ನು ಮಡಚಿ ಮತ್ತೆ ಜೇಬಿಗೆ ಇಟ್ಟರು. ಹನೂರಿನಲ್ಲಿ ಸಾಮಾನು ಕಟ್ಟಿಸುವುದು ನೆನಪಾಯಿತೇನೋ ಎಂದುಕೊಂಡೆ. ಫ್ಯಾನು ತಿರುಗುತ್ತಿದ್ದರೂ ಅವರಿಗೆ ಬೆವರು ಬಂದಿತ್ತು.

ಅದು ಪುಟ್ಟಮಾದಮ್ಮನ ಹೆಸರಿದ್ದ ಚೀಟಿ ಎಂದು ರೂಪ ಅವರು ಓದಿ ಹೇಳಿದರು. ಷಡಕ್ಷರಿ ರವರು ನನ್ನ ಕಡೆ ತಿರುಗಿ, ಚಾವಡಿಯ ದನಿಯಲ್ಲಿ ಅಲ್ಲ, ಬಹಳ ಮೆಲ್ಲಗೆ, “ಇದು ಯಾರ್ ಕೈ ಗೋವಿಂದಮ್ಮ?” ಎಂದು ಕೇಳಿದರು. ನನಗೆ ಅವರ ಮುಖ ನೋಡಿ ಅಯ್ಯೋ ಎನ್ನಿಸಿತು. ನಾನು, “ನಂದೇ ಕಣ್ರಿ ಯಜಮಾನ್ರೇ” ಎಂದೆ.

ಸಾಹೇಬರು ಉಳಿದವು ಯಾರವು ಎಂದು ಕೇಳಿದರು. ಅವೂ ನನ್ನವೇ. ಮೂವತ್ತೊಂಬತ್ತು ಚೀಟಿಗಳನ್ನೂ ಬರೆದವಳು ನಾನೊಬ್ಬಳೇ. ಬಂದವರು ಬಾಯಲ್ಲಿ ಹೇಳಿದರು, ನಾನು ಬರೆದೆ. ಯಾವ ಮನೆಯ ಯಾವ ಹೆಂಗಸೂ ಪೆನ್ನು ಮುಟ್ಟಿಲ್ಲ. ಮೊದಲು ಮೆಷಿನ್ ತುಳಿಯುತ್ತಿದ್ದೆ ಎಂದಿರಲ್ಲ ಎಂದು ಸಾಹೇಬರು ಕೇಳಿದರು. ಕಾಲು ಮೆಷಿನ್ ಮೇಲೆ ಇತ್ತು, ಕೈ ಚೀಟಿಯ ಮೇಲೆ ಇತ್ತು. ಒಂದೊಂದರ ಬರಹ ಒಂದೊಂದು ತರಹ ಇದೆಯಲ್ಲ ಎಂದರು. ರವಿಕೆಯನ್ನೂ ಒಬ್ಬೊಬ್ಬರಿಗೆ ಒಂದೊಂದು ತರಹ ಹೊಲಿಯುತ್ತೇನೆ. ಸಾಹೇಬರು ಪೆನ್ನು ಕೆಳಗಿಟ್ಟು, ಈ ಮಾತು ಬರೆದುಕೊಳ್ಳುವಂಥದ್ದಲ್ಲ ಎಂದರು. ಆಗ ಷಡಕ್ಷರಿ ರವರು, “ಆಕೆ ಏಳ್ದಂಗೇ ಬರ್ಕೊಳಿ ಸಾ. ನಾ ಒಪ್ಕತೀನಿ” ಎಂದರು. ತಮ್ಮ ಅರ್ಜಿಯ ಮೇಲೆ ಮುಂದಿನ ಕ್ರಮ ಬೇಡವೆಂದೂ ತಿಳಿಸಿದರು. ಹನ್ನೊಂದನೆಯ ಚೀಟಿಯನ್ನು ಅವರೇ ಉಳಿದವುಗಳ ಮಧ್ಯೆ ಸೇರಿಸಿ, ಚೀಲಕ್ಕೆ ಹಾಕಿ, ನನ್ನ ಕೈಗೆ ಕೊಟ್ಟರು.

ಮೇಲೆ ಹೇಳಿರುವುದನ್ನೆಲ್ಲ ಪೇದೆ ರೂಪ ಅವರು ನಾನು ಹೇಳಿದಂತೆಯೇ ಬರೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ ಹೇಳಿದರು. ಕೇಳಿದೆ, ಎಲ್ಲವೂ ನಿಜವಿದೆ, ಯಾರ ಬಲವಂತವೂ ಇಲ್ಲ.

ಸ್ಥಳ: ಹನೂರು
ದಿನಾಂಕ: 19-05-2025, ಮಧ್ಯಾಹ್ನ 12-15

ಷರಾ: ಹೇಳಿಕೆದಾರರಿಗೆ ಓದು ಬರಹ ಬಾರದ ಕಾರಣ, ಸಹಿಯ ಬದಲು ಅವರ ಎಡಗೈ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ.

(ಗೋವಿಂದಮ್ಮ ರವರ ಎಡಗೈ ಹೆಬ್ಬೆಟ್ಟಿನ ಗುರುತು)

ಹೆಬ್ಬೆಟ್ಟಿಗೆ ಸಾಕ್ಷಿ: ಷಡಕ್ಷರಿ (ಸಹಿ)